ಉಪ್ಪಿನ ಸುಂಕ, ಹೊಗೆಸೊಪ್ಪಿನ ಸುಂಕ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಚಿಕ್ಕಪೇಟೆಯ ಜವಳಿ ಅಂಗಡಿಗಳ ಸಾಲನ್ನು ದಾಟಿ ಸುಲ್ತಾನ್‌ಪೇಟೆಯ ಕಡೆಗೆ ತಿರುಗಿದವನಿಗೆ ಮೊದಲು ಅನುಭವಕ್ಕೆ ಬರತಕ್ಕದ್ದು ಹೊಸ ಕಾಗದದ ವಾಸನೆ. ರೀಮುಗಳನ್ನು ಅಟ್ಟದವರೆಗೆ ಪೇರಿಸಿಟ್ಟ ಕಾಗದದ ಮಳಿಗೆಗಳು, ಅವುಗಳ ಮಗ್ಗುಲಲ್ಲಿ ಮುದ್ರಣದ ಕೆಲಸ ಹಿಡಿಯುವ ಸಣ್ಣ ಅಂಗಡಿಗಳು, ಇಬ್ಬರು ಎದುರುಬದುರಾದರೆ ಒಬ್ಬನು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಕಿರಿದಾದ ಓಣಿಗಳಲ್ಲಿ ಬೆನ್ನ ಮೇಲೆ ಹೊರೆ ಹೊತ್ತು ಸಾಗುವ ಹಮಾಲಿಗಳು, ಇವೆಲ್ಲದರ ನಡುವೆ ಒಂದು ಮೂಲೆಯಲ್ಲಿ ಮೂರಡಿ ಅಗಲದ ಒಂದು ಗೂಡಂಗಡಿ. ಅಂಗಡಿಯ ಕಂಬಕ್ಕೆ ದಾರದಿಂದ ಕಟ್ಟಿ ಇಳಿಬಿಟ್ಟ ಒಂದು ಲೈಟರು. ಹಿಂದೆ ಅದೇ ಜಾಗದಲ್ಲಿ ತುದಿ ಕೆಂಡವಾಗಿ ಉರಿಯುತ್ತಿದ್ದ ತೆಂಗಿನ ನಾರಿನ ಹಗ್ಗವಿರುತ್ತಿತ್ತು. ಹೊರೆಯಿಳಿಸಿದ ಹಮಾಲಿ ಅಲ್ಲಿಗೆ ಬಂದು ಬೆವರೊರೆಸಿಕೊಂಡು, ಏನನ್ನೂ ಕೇಳದೆ ಹಣ ನೀಡುತ್ತಾನೆ. ಅಂಗಡಿಯವರೂ ಏನನ್ನೂ ಕೇಳದೆ ಬೀಡಿಯ ಕಟ್ಟನ್ನು ಮುಂದಿಡುತ್ತಾರೆ.

ಬೆಲೆಯೇರಿದಾಗ ವ್ಯಾಪಾರ ಕುಗ್ಗುವುದೆ ಎಂದು ಆ ಅಂಗಡಿಯ ಹಿರಿಯರನ್ನು ಒಮ್ಮೆ ಕೇಳಿದೆನು. “ಕುಗ್ಗೋದು ಕುಗ್ಗತ್ತೆ ಸ್ವಾಮಿ,” ಎಂದರು ಅವರು. “ಪ್ಯಾಕು ತಗೊಳ್ತಿದ್ದೋರು ಒಂದೊಂದೇ ತಗೊಳ್ತಾರೆ. ಒಂದೊಂದೇ ತಗೊಳ್ತಿದ್ದೋರು ಬೀಡಿಗೆ ಇಳೀತಾರೆ. ಬೀಡೀನೂ ಜಾಸ್ತಿ ಆದ್ರೆ ಕೆಲವರು ಬಿಟ್ಟೇ ಬಿಡ್ತಾರೆ.” ಅರ್ಥಶಾಸ್ತ್ರಜ್ಞರು ಗ್ರಂಥಗಟ್ಟಲೆ ಬರೆದು ಪ್ರತಿಪಾದಿಸತಕ್ಕ ಮೂರು ಸಿದ್ಧಾಂತಗಳನ್ನು ಆ ಹಿರಿಯರು ಮೂರೇ ಮಾತುಗಳಲ್ಲಿ ಹೇಳಿ ಮುಗಿಸಿದ್ದರು. ಆದರೆ ಅವರ ಅರಿವು ಆ ಗೂಡಂಗಡಿಯ ಹಲಗೆಯನ್ನು ದಾಟಿ ವಿಧಾನಸೌಧದ ಮೆಟ್ಟಿಲನ್ನಾಗಲಿ, ದೆಹಲಿಯ ಅರ್ಥಸಚಿವಾಲಯದ ಮೇಜನ್ನಾಗಲಿ ತಾನಾಗಿಯೇ ತಲಪಲಾರದು. ಅದನ್ನು ಎಣಿಸಿ, ಅಳೆದು, ಪರೀಕ್ಷಿಸಿ, ಆಡಳಿತ ನಡೆಸುವವರ ಮುಂದೆ ಅಲ್ಲಗಳೆಯಲಾಗದ ರೂಪದಲ್ಲಿ ಇಡತಕ್ಕ ಜನರು ಬೇಕು. ಅಂಥವರು ಒಟ್ಟಾಗಿ ದುಡಿಯತಕ್ಕ ಸಂಸ್ಥೆಗಳು ಬೇಕು. ಈಚೆಗೆ ಪತ್ರಿಕೆಗಳು ‘ಚಿಂತಕರ ಚಾವಡಿ’ ಎಂದು ಕರೆಯುವ ಈ ಅಧ್ಯಯನ ಸಂಸ್ಥೆಗಳಿಗೂ ತಂಬಾಕಿನ ಮೇಲಿನ ತೆರಿಗೆಗೂ ಇರುವ ಸಂಬಂಧವನ್ನು ಸಾಮಾನ್ಯ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ತೆರಿಗೆಯೆಂದರೆ ಜನರಿಗೆ ಪ್ರಿಯವಾದ ಮಾತಲ್ಲ. ಆದರೂ ತಂಬಾಕಿನ ವಿಷಯದಲ್ಲಿ ತೆರಿಗೆಯು ಔಷಧದಂತೆ ಕೆಲಸ ಮಾಡುತ್ತದೆಂಬುದು ಇಂದು ಜಗತ್ತಿನಾದ್ಯಂತ ಸ್ಥಿರಪಟ್ಟ ಸಂಗತಿ. ಬೆಲೆ ನೂರಕ್ಕೆ ಹತ್ತರಷ್ಟು ಏರಿದರೆ, ನಮ್ಮಂಥ ದೇಶಗಳಲ್ಲಿ ಬಳಕೆ ಸರಿಸುಮಾರು ನೂರಕ್ಕೆ ಐದರಷ್ಟು ತಗ್ಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಗಣಿಸಿದ್ದಾರೆ. ಒಂದು ಊಹೆಯ ಲೆಕ್ಕವನ್ನು ನೋಡೋಣ. ನೂರು ರೂಪಾಯಿ ಬೆಲೆಯ ಪ್ಯಾಕಿನಲ್ಲಿ ಐವತ್ತು ರೂಪಾಯಿ ತೆರಿಗೆಯಿದ್ದು, ನೂರು ಪ್ಯಾಕುಗಳು ಮಾರಾಟವಾಗುತ್ತಿವೆಯೆಂದು ಇಟ್ಟುಕೊಂಡರೆ ಸರಕಾರಕ್ಕೆ ಬರುವ ಹಣ 5,000 ರೂಪಾಯಿ. ತೆರಿಗೆಯನ್ನು ಇಪ್ಪತ್ತು ರೂಪಾಯಿ ಏರಿಸಿದರೆ ಬೆಲೆ 120 ಆಗುತ್ತದೆ. ಮಾರಾಟ ತೊಂಬತ್ತು ಪ್ಯಾಕುಗಳಿಗೆ ಇಳಿಯುತ್ತದೆ. ಒಂದೊಂದಕ್ಕೆ ಎಪ್ಪತ್ತರಂತೆ ಬರುವ ತೆರಿಗೆ 6,300 ರೂಪಾಯಿ. ಸೇದುವುದು ಕಡಮೆಯಾಯಿತು, ಬೊಕ್ಕಸದ ಹಣ ಹೆಚ್ಚಾಯಿತು. ಇಂಥ ತೆರಿಗೆಗಳು ಬಹಳವಿಲ್ಲ.

ಹೀಗಿದ್ದೂ ಸರಕಾರಗಳು ಹಿಂಜರಿಯುವುದೇಕೆ? ಕಾರಣವೇನೆಂದರೆ, ಅರ್ಥಸಚಿವರ ಬಳಿಗೆ ಬಜೆಟ್ಟಿನ ಮುನ್ನ ಬರುವ ಅಂಕಿಸಂಖ್ಯೆಗಳಲ್ಲಿ ಅನೇಕವು ತಂಬಾಕಿನ ಉದ್ಯಮದ ಕಡೆಯಿಂದ ಬಂದವು. ತೆರಿಗೆ ಏರಿದರೆ ಕಳ್ಳಸಾಗಣೆ ಹೆಚ್ಚುವುದು, ರೈತರು ಕೆಡುವರು, ಬೀಡಿ ಕಟ್ಟುವ ಹೆಂಗಸರು ಬೀದಿಗೆ ಬೀಳುವರು, ಬಡವನ ಏಕೈಕ ಸುಖಕ್ಕೂ ಸಂಚಕಾರ ಬರುವುದು ಎಂದು ಅವು ಹೇಳುತ್ತವೆ. ಇವುಗಳಿಗೆ ಅಮೆರಿಕದ್ದೋ ಇಂಗ್ಲೆಂಡಿನದೋ ಲೆಕ್ಕವನ್ನು ತೋರಿಸಿ ಉತ್ತರ ಹೇಳಹೊರಟರೆ, “ಅದು ಆ ದೇಶದ ಮಾತು, ನಮ್ಮ ಸ್ಥಿತಿಯೇ ಬೇರೆ” ಎಂಬ ಒಂದೇ ವಾಕ್ಯದಿಂದ ಆ ಉತ್ತರವನ್ನು ಬದಿಗೆ ಸರಿಸಿಬಿಡಬಹುದು. ಮತ್ತು ಆ ವಾಕ್ಯದಲ್ಲಿ ಸ್ವಲ್ಪಮಟ್ಟಿನ ನ್ಯಾಯವೂ ಇದೆ. ಹುಣಸೂರಿನ ರೈತನ ವಿಷಯವನ್ನು ಹುಣಸೂರಿನಲ್ಲಿಯೇ, ಮಂಗಳೂರಿನ ಬೀಡಿ ಕಾರ್ಮಿಕಳ ವಿಷಯವನ್ನು ಮಂಗಳೂರಿನಲ್ಲಿಯೇ ವಿಚಾರಿಸಿ ತಿಳಿಯಬೇಕು. ಆದುದರಿಂದಲೇ ದೇಶದೇಶದ ಸ್ವಂತ ಅಧ್ಯಯನ ಸಂಸ್ಥೆಗಳನ್ನು ಬಲಪಡಿಸುವುದು ಈ ಕಾರ್ಯದ ಮುಖ್ಯ ಉಪಾಯವೆಂದು ಅನೇಕರು ಮನಗಂಡಿದ್ದಾರೆ.

ಇದೇನೂ ನಮಗೆ ಹೊಸದಾದ ವಿದ್ಯೆಯಲ್ಲ. ಸುಲ್ತಾನ್‌ಪೇಟೆಯಿಂದ ದಕ್ಷಿಣಾಭಿಮುಖವಾಗಿ ಹೊರಟು, ಕೋಟೆಯನ್ನೂ ಚಾಮರಾಜಪೇಟೆಯನ್ನೂ ದಾಟಿ ಬುಲ್ ಟೆಂಪಲ್ ರಸ್ತೆಯನ್ನು ಹಿಡಿದರೆ, ನರಸಿಂಹರಾಜ ಕಾಲೋನಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಕಾಣಸಿಗುತ್ತದೆ. ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ರಾಜ್ಯದ ಕಾರ್ಯಗಳನ್ನು ಕುರಿತು ಪ್ರಜೆಗಳು ತಿಳಿವಳಿಕೆಯಿಂದ, ಆಧಾರಸಹಿತವಾಗಿ, ನಿಷ್ಪಕ್ಷಪಾತವಾಗಿ ವಿಚಾರ ಮಾಡುವುದನ್ನು ಕಲಿಯಬೇಕೆಂಬುದೇ ಅದರ ಧ್ಯೇಯ. ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿದ್ದ ಗುಂಡಪ್ಪನವರು ಆ ಸಂಸ್ಥೆಗೆ ಅವರದೇ ಹೆಸರನ್ನು ಆರಿಸಿಕೊಂಡದ್ದು ಎಷ್ಟು ಉಚಿತವಾಗಿತ್ತೆಂಬುದನ್ನು ತಿಳಿಯಲು, ನಾವು ಉಪ್ಪಿನ ಸುಂಕದ ಕಥೆಯನ್ನು ನೆನೆಯಬೇಕು.

1902ನೆಯ ಇಸವಿ ಮಾರ್ಚ್ 26ರಂದು ಗೋಪಾಲ ಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ತಮ್ಮ ಮೊದಲನೆಯ ಬಜೆಟ್ ಭಾಷಣವನ್ನು ಮಾಡಿದರು. ಆಗ ಒಂದು ಮಣ ಉಪ್ಪಿನ ಮೇಲೆ ಎರಡು ರೂಪಾಯಿ ಎಂಟಾಣೆ ಸುಂಕವಿತ್ತು. ಸುಂಕ ಹೆಚ್ಚಾದಾಗ ಬಡವರು ಉಪ್ಪನ್ನು ಕಡಮೆ ತಿನ್ನುತ್ತಾರೆ, ಅದು ಅವರ ಆರೋಗ್ಯಕ್ಕೆ ಕುಂದು ತರುತ್ತದೆ ಎಂಬುದನ್ನು ಅವರು ಸರಕಾರದ್ದೇ ಅಂಕಿಗಳಿಂದ ತೋರಿಸಿಕೊಟ್ಟರು. ಆ ಭಾಷಣದ ಹಿಂದೆ ಇದ್ದ ಲೆಕ್ಕದ ಶ್ರಮ ಬಹುಮಟ್ಟಿಗೆ, ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದ ಗಣೇಶ ವ್ಯಂಕಟೇಶ ಜೋಶಿಯವರದು. ಆ ಇಬ್ಬರನ್ನೂ ರೂಪಿಸಿದ್ದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಸಾಹಚರ್ಯ ಮತ್ತು 1870ರಲ್ಲಿ ಹುಟ್ಟಿದ ಪುಣೆಯ ಸಾರ್ವಜನಿಕ ಸಭೆ. ಸುಂಕವು 1903ರಲ್ಲಿ ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆ ರೂಪಾಯಿಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಉಪ್ಪಿನ ಬಳಕೆ ಏರಿತು. ಸೈನ್ಯವಿಲ್ಲದ, ಅಧಿಕಾರವಿಲ್ಲದ, ಮತಬಲವೂ ಇಲ್ಲದ ಕೆಲವೇ ಜನರು, ತಮ್ಮ ದೇಶದ ಲೆಕ್ಕವನ್ನು ತಾವು ಶ್ರದ್ಧೆಯಿಂದ ಬರೆದುದರಿಂದ, ಒಂದು ಸಾಮ್ರಾಜ್ಯದ ತೆರಿಗೆಯನ್ನು ಅಲುಗಿಸಲು ನೆರವಾದರು.

ಬೆಲೆ ಇಳಿದರೆ ಬಳಕೆ ಏರುವುದು, ಬೆಲೆ ಏರಿದರೆ ಬಳಕೆ ಇಳಿಯುವುದು ಎಂಬ ನಿಯಮ ಒಂದೇ. ಉಪ್ಪಿನಲ್ಲಿ ಬಡವನ ಹಿತಕ್ಕಾಗಿ ಸುಂಕವನ್ನು ಇಳಿಸಬೇಕಾಗಿತ್ತು. ಹೊಗೆಸೊಪ್ಪಿನಲ್ಲಿ ಅದೇ ಬಡವನ ಹಿತಕ್ಕಾಗಿ ಏರಿಸಬೇಕಾಗಿದೆ. ಈ ಮಾತು ಕ್ರೂರವೆಂದು ತೋರಬಹುದು. ಆದರೆ ಅರ್ಥಶಾಸ್ತ್ರಜ್ಞ ರಿಜೋ ಜಾನ್ ಅವರು ಭಾರತದ ಕುಟುಂಬಗಳ ವೆಚ್ಚದ ವಿವರಗಳನ್ನು ಪರಿಶೀಲಿಸಿ 2008ರಲ್ಲಿ ತೋರಿಸಿದುದೇನು? ತಂಬಾಕಿಗೆ ಹಣ ತೆರುವ ಮನೆಗಳಲ್ಲಿ ಹಾಲಿಗೆ, ಮಕ್ಕಳ ವಿದ್ಯೆಗೆ, ಒಳ್ಳೆಯ ಉರುವಲಿಗೆ ಸಲ್ಲುವ ಹಣ ಕಡಮೆಯಾಗಿರುತ್ತದೆ. ಹಮಾಲಿಯ ಕೈಯಿಂದ ಗೂಡಂಗಡಿಯ ಹಲಗೆಯ ಮೇಲೆ ಬಿದ್ದ ಹಣವು, ಅವನ ಮನೆಯಲ್ಲಿ ಮಗುವಿನ ಲೋಟದಿಂದ ಕಳೆದ ಹಣವಾಗಿರುತ್ತದೆ. ಬೆಲೆಯ ಏರಿಕೆಗೆ ಸಿರಿವಂತನಿಗಿಂತ ಬಡವನೇ ಬೇಗ ಮಣಿದು ಬಿಡುತ್ತಾನೆ. ಆದುದರಿಂದ ಬಿಟ್ಟುದರ ಫಲವೂ ಅವನಿಗೇ ಹೆಚ್ಚಾಗಿ ದೊರಕುತ್ತದೆ.

ಈ ಮನೆವೆಚ್ಚದ ಲೆಕ್ಕದ ವಿಧಾನವನ್ನು ಸ್ವಲ್ಪ ವಿವರಿಸಿದರೆ ತಪ್ಪಾಗದು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಹಳ್ಳಿಹಳ್ಳಿಗೂ ಬಡಾವಣೆಬಡಾವಣೆಗೂ ಹೋಗಿ, ಒಂದೊಂದು ಮನೆಯಲ್ಲಿ ಯಾವ ಸರಕನ್ನು ಎಷ್ಟು, ಎಷ್ಟು ಹಣಕ್ಕೆ ಕೊಂಡರೆಂದು ಬರೆದುಕೊಳ್ಳುತ್ತಾರೆ. ಒಂದು ಊರಿನವರೆಲ್ಲರಿಗೂ ಬೆಲೆ ಹೆಚ್ಚುಕಡಮೆ ಒಂದೇ ಆಗಿರುತ್ತದೆ; ಊರಿಂದೂರಿಗೆ ಮಾತ್ರ ಬೆಲೆ ಬೇರೆಯಾಗುತ್ತದೆ. ಬೆಲೆ ಹೆಚ್ಚಾಗಿರುವ ಊರಿನಲ್ಲಿ ಜನ ಎಷ್ಟು ಕಡಮೆ ಕೊಳ್ಳುತ್ತಾರೆಂಬುದನ್ನು ನೋಡಿ, ಬೆಲೆಗೆ ಬೇಡಿಕೆ ಎಷ್ಟು ಬಾಗುತ್ತದೆಂಬುದನ್ನು ಅಳೆಯಬಹುದು. 2015ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆಂಗಸ್ ಡೀಟನ್ ಅವರು ರೂಪಿಸಿದ ಈ ಕ್ರಮದಿಂದ ಅಳೆದಾಗ, ನಮ್ಮ ದೇಶದಲ್ಲಿ ಸಿಗರೇಟಿಗಿಂತ ಬೀಡಿಯ ಬೇಡಿಕೆಯೇ ಬೆಲೆಗೆ ಹೆಚ್ಚು ಬಾಗುತ್ತದೆಂದು ಕಂಡುಬಂದಿದೆ. ಬೀಡಿಯ ಬೆಲೆಯೇರಿದರೆ ಕೆಲವರು ಬಿಟ್ಟೇ ಬಿಡುತ್ತಾರೆಂಬ ಗೂಡಂಗಡಿಯ ಹಿರಿಯರ ಮಾತಿಗೆ ಇದೇ ಪ್ರಮಾಣ.

ಕಳ್ಳಸಾಗಣೆಯ ಪ್ರಶ್ನೆಗೂ ಇಂಥದೇ ಒಂದು ಸ್ವದೇಶೀಯ ಉತ್ತರ ದೊರಕಿದೆ. ನಮ್ಮಲ್ಲಿ ಸಿಗರೇಟು ಬಹುಮಟ್ಟಿಗೆ ಒಂದೊಂದಾಗಿ ಮಾರಾಟವಾಗುತ್ತದೆ. ಕರ್ನಾಟಕ ಸರಕಾರವು 2017ರಲ್ಲಿ ಅದನ್ನು ನಿಷೇಧಿಸಿದ್ದರೂ ಪದ್ಧತಿ ನಿಂತಿಲ್ಲ. ಹೀಗೆ ಮಾರಿದ ಮೇಲೆ ಬರಿದಾದ ಪ್ಯಾಕು ಅಂಗಡಿಯವನ ಬಳಿಯಲ್ಲಿಯೇ ಉಳಿಯುತ್ತದೆ. ಈ ಅಂಶವನ್ನು ಗಮನಿಸಿದ ಸಂಶೋಧಕರು ದೇಶದ ಎಂಟು ನಗರಗಳಲ್ಲಿ ಗೂಡಂಗಡಿಗಳಿಂದ ಹನ್ನೊಂದು ಸಾವಿರಕ್ಕೂ ಮಿಕ್ಕು ಬರಿಯ ಪ್ಯಾಕುಗಳನ್ನು ಸಂಗ್ರಹಿಸಿ, ಒಂದೊಂದರ ಮೇಲೂ ಕಾನೂನಿನ ಎಚ್ಚರಿಕೆಯ ಚಿತ್ರವಿದೆಯೇ, ಬೆಲೆ ಮುದ್ರಿತವಾಗಿದೆಯೇ ಎಂದು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಸುಂಕಗಳ್ಳ ಸರಕಿನ ಪಾಲು ನೂರಕ್ಕೆ ಮೂರನ್ನೂ ಮುಟ್ಟಲಿಲ್ಲ. ಉದ್ಯಮದವರು ಹೇಳುತ್ತ ಬಂದಿದ್ದ ಪ್ರಮಾಣ ಅದಕ್ಕಿಂತ ಅನೇಕ ಪಟ್ಟು ಹಿರಿದಾಗಿತ್ತು. ಈ ವಿಧಾನ ಹೊಳೆದದ್ದು ನಮ್ಮ ಅಂಗಡಿಯ ಪದ್ಧತಿಯನ್ನು ಬಲ್ಲವರಿಗೆ. ಸ್ಥಳದ ಅರಿವೆಂದು ನಾನು ಹೇಳುವುದು ಇದನ್ನೇ.

ಇಂಥ ಅರಿವು ಶಾಸನವಾಗಿ ಪರಿಣಮಿಸಬಹುದೆಂಬುದಕ್ಕೆ ಫಿಲಿಪ್ಪೀನ್ಸ್ ದೇಶವು ಪ್ರಸಿದ್ಧವಾದ ನಿದರ್ಶನ. ಅಲ್ಲಿ ಸಿಗರೇಟುಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, 1996ರ ಬೆಲೆಗಳ ಆಧಾರದ ಮೇಲೆ ಸುಂಕ ವಿಧಿಸುತ್ತಿದ್ದರು. ಕಾಲ ಕಳೆದಂತೆ ಆ ಸುಂಕ ನಿಸ್ಸತ್ತ್ವವಾಯಿತು. ಮನಿಲಾ ಪ್ರದೇಶದ ‘ಆ್ಯಕ್ಷನ್ ಫಾರ್ ಎಕನಾಮಿಕ್ ರಿಫಾರ್ಮ್ಸ್’ ಎಂಬ ಸ್ವತಂತ್ರ ಅಧ್ಯಯನ ಸಂಸ್ಥೆಯವರು ವರ್ಷಗಟ್ಟಲೆ ಲೆಕ್ಕ ಹಾಕಿ, ವೈದ್ಯರನ್ನೂ ಅರ್ಥಸಚಿವಾಲಯದವರನ್ನೂ ಒಂದೇ ಪಕ್ಷಕ್ಕೆ ತಂದು, ಹೆಚ್ಚಿನ ವರಮಾನವನ್ನು ಬಡವರ ಆರೋಗ್ಯ ವಿಮೆಗೆ ವಿನಿಯೋಗಿಸಬೇಕೆಂಬ ಯೋಜನೆಯನ್ನು ಮುಂದಿಟ್ಟರು. 2012ರ ಡಿಸೆಂಬರಿನಲ್ಲಿ ಆ ದೇಶದ ಸೆನೆಟ್ ಸಭೆ ಮಸೂದೆಯನ್ನು ಹತ್ತಕ್ಕೆ ಒಂಬತ್ತರಂತೆ, ಒಂದೇ ಒಂದು ಮತದ ಅಂತರದಿಂದ ಸ್ಥಿರಪಡಿಸಿತು. 2017ರ ವೇಳೆಗೆ ಎಲ್ಲ ಸಿಗರೇಟುಗಳಿಗೂ ಒಂದೇ ಸುಂಕವಾಯಿತು. ತಂಬಾಕು ಬಳಸುವ ವಯಸ್ಕರ ಪ್ರಮಾಣವು 2009ರಲ್ಲಿ ಶೇಕಡಾ 29.7 ಇದ್ದದ್ದು 2015ರಲ್ಲಿ 23.8ಕ್ಕೆ ಇಳಿಯಿತು.

ಇಂಥ ಸಂಸ್ಥೆಗಳಿಗೆ ಹೊರಗಿನಿಂದ ನೆರವು ದೊರೆಯುವ ಏರ್ಪಾಡೂ ಇದೆ. ಅಮೆರಿಕದ ಶಿಕಾಗೋದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಚಲೂಪ್ಕಾ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದಲ್ಲಿ, ಬ್ಲೂಮ್‌ಬರ್ಗ್ ಧರ್ಮಸಂಸ್ಥೆಯ ಧನಸಹಾಯದಿಂದ, ಹಿಂದುಳಿದ ಹಾಗೂ ಮಧ್ಯಮ ವರಮಾನದ ದೇಶಗಳ ಅಧ್ಯಯನ ಸಂಸ್ಥೆಗಳಿಗೆ ಶಿಕ್ಷಣವನ್ನೂ ಲೆಕ್ಕದ ಕೈಪಿಡಿಗಳನ್ನೂ ಒದಗಿಸುವ ಕಾರ್ಯ ಆರಂಭವಾಯಿತು. ಈಗ ಅದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದೆ. ಪಾಕಿಸ್ತಾನದ ಕರಾಚಿ, ಸರ್ಬಿಯದ ಬೆಲ್‌ಗ್ರೇಡ್ ಮುಂತಾದ ಕಡೆಗಳ ವಿದ್ವಾಂಸರು ಅದರ ನೆರವಿನಿಂದ ತಮ್ಮತಮ್ಮ ದೇಶದ ಲೆಕ್ಕಗಳನ್ನು ತಾವೇ ಬರೆದಿದ್ದಾರೆ. ಇಲ್ಲಿ ಮೆಚ್ಚತಕ್ಕ ಅಂಶವೆಂದರೆ, ಗುರುವು ಶಿಷ್ಯನ ಹಲಗೆಯ ಮೇಲೆ ತಾನೇ ಬರೆದುಕೊಡದೆ, ಬಳಪವನ್ನು ಹಿಡಿಯುವ ಕ್ರಮವನ್ನು ಕಲಿಸುವುದು. ನೆರವು ಕೊಡುವವನು ತೀರ್ಮಾನವನ್ನೂ ಕೊಡತೊಡಗಿದರೆ ಆ ಅಧ್ಯಯನಕ್ಕೆ ಬೆಲೆಯಿರದು. ಹಣ ಎಲ್ಲಿಂದ ಬಂತೆಂಬುದನ್ನು ಬಹಿರಂಗವಾಗಿ ಹೇಳುವುದು, ಉದ್ಯಮದಿಂದ ಬಿಡಿಗಾಸನ್ನೂ ಮುಟ್ಟದಿರುವುದು, ಲೆಕ್ಕವನ್ನು ಯಾರು ಬೇಕಾದರೂ ಪರೀಕ್ಷಿಸುವಂತೆ ತೆರೆದಿಡುವುದು, ಇವು ಮೂರೂ ಅನಿವಾರ್ಯವಾದ ನಿಯಮಗಳು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಕರ್ನಾಟಕಕ್ಕೆ ಈ ವಿಷಯದಲ್ಲಿ ಮೂರು ಮುಖಗಳಿವೆ. ಒಂದು, ಹೊಗೆಸೊಪ್ಪು ಬೆಳೆಯುವ ನಾಡು: ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಸಿಗರೇಟಿನ ಸೊಪ್ಪು, ನಿಪ್ಪಾಣಿಯಲ್ಲಿ ಬೀಡಿಯ ಹೊಗೆಸೊಪ್ಪು. ಎರಡು, ಅದನ್ನು ಸರಕಾಗಿ ಮಾಡುವ ನಾಡು: ಭಾರತದ ಅತ್ಯಂತ ದೊಡ್ಡ ಸಿಗರೇಟು ಕಂಪನಿಯು ತನ್ನ ಮೊದಲನೆಯ ಕಾರ್ಖಾನೆಯನ್ನು 1913ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ, ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ಪುಡಿ ತುಂಬಿ, ನೂಲು ಸುತ್ತಿ ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುತ್ತಾರೆ. ಮೂರು, ಅದನ್ನು ಬಳಸಿ ನೋಯುವ ನಾಡು: 2009–10ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 28.2 ಮಂದಿ ತಂಬಾಕು ಬಳಸುತ್ತಿದ್ದರು. 2016–17ರಲ್ಲಿ ಅದು 22.8ಕ್ಕೆ ಇಳಿಯಿತು. ಇಳಿಕೆ ಸಂತೋಷದ ವಿಷಯ. ಆದರೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇನ್ನೂ ಆ ಪಾಶದಲ್ಲಿದ್ದರು.

ಈ ಮೂರು ಮುಖಗಳ ಜನರೂ ನಮ್ಮವರೇ. ತೆರಿಗೆಯ ವಿರುದ್ಧವಾಗಿ ಬೀಡಿ ಕಾರ್ಮಿಕಳ ಹೆಸರನ್ನು ಮುಂದೆ ತರುವುದು ವಾಡಿಕೆ. ಅವಳ ಹೆಸರಿನಲ್ಲಿ ದಶಕಗಳ ಕಾಲ ಬೀಡಿಯ ಮೇಲಿನ ಸುಂಕವನ್ನು ತೀರ ಕೆಳಗಿಡಲಾಗಿತ್ತು. ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಬರುವ ಮುನ್ನ ಕೈಯಿಂದ ಕಟ್ಟಿದ ಒಂದು ಬೀಡಿಯ ಮೇಲಿನ ಕೇಂದ್ರ ಅಬಕಾರಿ ಸುಂಕ ಮೂರು ಪೈಸೆಯನ್ನು ಮೀರಿರಲಿಲ್ಲ. ಅಷ್ಟು ದೀರ್ಘವಾದ ಆ ರಿಯಾಯಿತಿಯಿಂದ ಅವಳ ಕೂಲಿ ಏರಿತೆ? ಅವಳ ಎದೆಯೊಳಗೆ ಸೇರಿದ ಪುಡಿಗೆ ಔಷಧ ದೊರಕಿತೆ? 2017ರಲ್ಲಿ ಬೀಡಿಯಿಂದ ಉಂಟಾದ ರೋಗ ಮತ್ತು ಅಕಾಲಮರಣಗಳ ಹೊರೆಯನ್ನು 80,550 ಕೋಟಿ ರೂಪಾಯಿಯೆಂದು ಒಂದು ಅಧ್ಯಯನ ಗಣಿಸಿತು. ಆ ಕಾಲದಲ್ಲಿ ಬೀಡಿಯಿಂದ ಬಂದ ಅಬಕಾರಿ ಸುಂಕ 417 ಕೋಟಿ. ಎಲ್ಲ ಬಗೆಯ ತಂಬಾಕನ್ನೂ ಸೇರಿಸಿದರೆ 2017–18ರ ಹೊರೆ 1,77,341 ಕೋಟಿ. ಸುಂಕವಾಗಿ ಬಂದ ಒಂದೊಂದು ನೂರು ರೂಪಾಯಿಗೆ ಸಮಾಜ ತೆತ್ತದ್ದು 816 ರೂಪಾಯಿ.

ಹೀಗಿರುವಾಗ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಲಿಯು ಇತರ ತಂಬಾಕಿನ ಸರಕುಗಳನ್ನು ಶೇಕಡಾ 40ರ ದರಕ್ಕೆ ಏರಿಸಲು ನಿರ್ಧರಿಸಿ, ಬೀಡಿಯ ದರವನ್ನು ಮಾತ್ರ 28ರಿಂದ 18ಕ್ಕೆ ಇಳಿಸಲು ಒಪ್ಪಿತು. ಸುಲ್ತಾನ್‌ಪೇಟೆಯ ಹಿರಿಯರ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು: ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದರೆ ಸೇದುವವನು ಬಿಡುವುದಿಲ್ಲ, ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾನೆ. ಬೀಡಿ ಕಾರ್ಮಿಕಳ ಮೇಲಿನ ಕರುಣೆ ಯಥಾರ್ಥವಾದುದಾದರೆ, ಬೀಡಿಯ ತೆರಿಗೆಯನ್ನು ಏರಿಸಿ ಆ ಹಣದಿಂದ ಅವಳಿಗೆ ಬೇರೆ ಕಸುಬನ್ನು ಕಲಿಸಿ, ಅವಳ ಮಕ್ಕಳನ್ನು ಓದಿಸುವುದು ಋಜುವಾದ ಮಾರ್ಗ. ಹುಣಸೂರಿನ ಕಡೆಯ ಸೊಪ್ಪಿನಂಥ ಸಿಗರೇಟಿನ ಸೊಪ್ಪಿನ ಬಹುಪಾಲು ಹೊರದೇಶಗಳಿಗೆ ಹೋಗತಕ್ಕದ್ದಾದುದರಿಂದ, ನಮ್ಮ ದೇಶದೊಳಗಿನ ತೆರಿಗೆಯ ಪೆಟ್ಟು ರೈತನಿಗೆ ಎಷ್ಟು ತಾಗೀತೆಂಬುದನ್ನೂ ಹೊಲದ ಬದುವಿನ ಮೇಲೆ ನಿಂತು ಲೆಕ್ಕ ಹಾಕಬೇಕೇ ಹೊರತು, ಭಯದಿಂದ ಊಹಿಸಬಾರದು.

ಜಿಎಸ್‌ಟಿ ಮಂಡಲಿಯಲ್ಲಿ ಮೂರರಲ್ಲಿ ಎರಡು ಪಾಲು ಮತ ರಾಜ್ಯಗಳದು. ಕರ್ನಾಟಕದ ಸಚಿವರಿಗೂ ಅಲ್ಲಿ ಪೀಠವಿದೆ. ಅವರ ಕೈಯಲ್ಲಿ ಕರ್ನಾಟಕದ್ದೇ ಆದ ಲೆಕ್ಕವೊಂದು ಇದ್ದರೆ ಅವರ ಮಾತಿಗೆ ಬರುವ ಬಲ ಬೇರೆ. ಅಂಥ ಲೆಕ್ಕವನ್ನು ಬರೆಯಬಲ್ಲವರು ನಮ್ಮ ಊರಿನಲ್ಲಿ ಇಲ್ಲದಿಲ್ಲ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ನಾಗರಬಾವಿಯಲ್ಲಿದೆ. ಬಜೆಟ್ಟುಗಳನ್ನು ಬಿಡಿಸಿ ಜನರಿಗೆ ತಿಳಿಸುವ ಉದ್ದೇಶದಿಂದ 1998ರಲ್ಲಿ ಹುಟ್ಟಿದ ಸೆಂಟರ್ ಫಾರ್ ಬಜೆಟ್ ಆ್ಯಂಡ್ ಪಾಲಿಸಿ ಸ್ಟಡೀಸ್ ಬಸವನಗುಡಿಯಲ್ಲಿದೆ. ತಂಬಾಕು ನಿಯಂತ್ರಣವನ್ನು ಕುರಿತು ಅಧ್ಯಯನ ನಡೆಸುತ್ತ ಬಂದಿರುವ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಇದೇ ನಗರದ್ದು. ಅರ್ಥಶಾಸ್ತ್ರ ಬಲ್ಲವರು, ಬಜೆಟ್ಟನ್ನು ಬಲ್ಲವರು, ರೋಗವನ್ನು ಬಲ್ಲವರು ಒಂದೇ ಜಗಲಿಯ ಮೇಲೆ ಕೂಡಿ ಕುಳಿತರೆ, ಹುಣಸೂರಿನ ರೈತ, ಮಂಗಳೂರಿನ ಕಾರ್ಮಿಕಳು ಮತ್ತು ಸುಲ್ತಾನ್‌ಪೇಟೆಯ ಹಮಾಲಿ ಈ ಮೂವರ ಹಿತವನ್ನೂ ಒಟ್ಟಿಗೆ ತೂಗಿ ನೋಡತಕ್ಕ ಒಂದು ವರದಿಯನ್ನು ಸಿದ್ಧಪಡಿಸುವುದು ಅಸಾಧ್ಯವಾದ ಕಾರ್ಯವಲ್ಲ.

ಅದಕ್ಕೆ ಬೇಕಾದುದು ಧನ, ಕಾಲ ಮತ್ತು ಸಾರ್ವಜನಿಕರ ಆದರ. ನಮ್ಮ ಜನ ಗುಡಿಗೆ, ಛತ್ರಕ್ಕೆ, ವಿದ್ಯಾರ್ಥಿನಿಲಯಕ್ಕೆ ಉದಾರವಾಗಿ ಕೊಟ್ಟಿದ್ದಾರೆ. ವಿಚಾರಕ್ಕೆ, ಲೆಕ್ಕಕ್ಕೆ ಕೊಡುವುದೂ ಪುಣ್ಯಕಾರ್ಯವೆಂದು ತಿಳಿಯಬೇಕಾದ ಕಾಲ ಬಂದಿದೆ. ಅರ್ಥಶಾಸ್ತ್ರದ ತರಗತಿಗಳಲ್ಲಿರುವ ತರುಣ ತರುಣಿಯರು ತಮ್ಮ ಬೀದಿಯ ಗೂಡಂಗಡಿಗೆ ಹೋಗಿ, ಬೀಡಿಯ ಕಟ್ಟಿಗೆ ಬೆಲೆಯೆಷ್ಟು, ಕಳೆದ ವರ್ಷ ಎಷ್ಟಿತ್ತು, ಕೊಳ್ಳುವವರು ಯಾರೆಂಬುದನ್ನು ಬರೆದಿಡಲು ತೊಡಗಲಿ. ಸರಕಾರವು ಮುಂದಿನ ಬಜೆಟ್ಟಿಗೆ ಮುನ್ನ ಕಂಪನಿಗಳವರನ್ನು ಕರೆದು ಕೇಳುವಂತೆಯೇ ಈ ಅಧ್ಯಯನ ಸಂಸ್ಥೆಗಳನ್ನೂ ಕರೆದು ಕೇಳಲಿ. ವಾಚಕರು ತಮ್ಮ ಶಾಸಕರನ್ನು ಕಂಡಾಗ ಈ ಒಂದು ಮಾತನ್ನು ತಪ್ಪದೆ ಕೇಳಬೇಕೆಂದು ನನ್ನ ವಿನಂತಿ: ಬೀಡಿಯ ಸುಂಕವನ್ನು ಇಳಿಸಲು ಒಪ್ಪಿದಾಗ ಕರ್ನಾಟಕದ ಮುಂದೆ ಯಾರು ಬರೆದ ಲೆಕ್ಕವಿತ್ತು?